ಬಿಳಿಗಿರಿ: ಭಾವನ ಬೆಟ್ಟ

ಬಂಡೆಯಲ್ಲಿ ದೇವರನ್ನು ಕಾಣುವುದು ಕನ್ನಡನಾಡಿನ ಜನಕ್ಕೆ ಹೊಸದಲ್ಲ. ಉತ್ತರದ ಧುಪದಾಳದಲ್ಲಿ ಒಡ್ಡನ್ನು ದಾಟಿ ಬರುವ ಘಟಪ್ರಭೆಯು ಗೋಕಾವಿಯ ಮರಳುಗಲ್ಲಿನ ಅಂಚಿನಿಂದ ಸುಮಾರು 52 ಮೀಟರ್ ಆಳಕ್ಕೆ ಧುಮುಕುವ ತಾಣದಲ್ಲಿ ಮಹಾಲಿಂಗೇಶ್ವರನ ಹಳೆಯ ಗುಡಿಯುಂಟು. ಪಶ್ಚಿಮದ ಕಾಡಿನಲ್ಲಿ ಯಾಣದ ಕಪ್ಪು ಶಿಖರದ ಬುಡದಲ್ಲಿ ಭೈರವೇಶ್ವರನ ಸನ್ನಿಧಿಯುಂಟು. ಅಲ್ಲಿಗೆ ಹೋದ ಯಾತ್ರಿಕನು ಕೈಮುಗಿಯುತ್ತಾನೆ, ಕಣ್ತುಂಬ ನೋಡುತ್ತಾನೆ, ಊರಿಗೆ ಮರಳುತ್ತಾನೆ. ಈ ಬಂಡೆ ಯಾರದು ಎಂಬ ಪ್ರಶ್ನೆ ಅವನ ಮನಸ್ಸಿಗೆ ಬರುವುದು ಅಪರೂಪ.

ಆದರೆ ನಾಡಿನ ದಕ್ಷಿಣ ತುದಿಯಲ್ಲಿ, ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ, ಈ ಪ್ರಶ್ನೆಯನ್ನು ಕೇಳದೆ ಮರಳುವ ಯಾತ್ರಿಕನು ಬೆಟ್ಟದ ಅರ್ಧವನ್ನಷ್ಟೇ ನೋಡಿ ಬಂದಂತೆ. ಅಲ್ಲಿಯ ಬಂಡೆಗೆ, ಮರಕ್ಕೆ, ಒರತೆಗೆ ಬಹುಕಾಲದ ನಂಟರಿದ್ದಾರೆ. ಅವರೇ ಸೋಲಿಗರು.

ಬಂಡೆಯ ನೆತ್ತಿಯಲ್ಲಿ

ಬೆಟ್ಟಕ್ಕೆ ಹೋಗುವವರಲ್ಲಿ ಬಹುಮಂದಿ ಯಳಂದೂರಿನ ದಾರಿಯನ್ನು ಹಿಡಿಯುತ್ತಾರೆ. ಯಳಂದೂರು ಹಿಂದೆ ಮೈಸೂರಿನ ದಿವಾನ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಅಲ್ಲಿಂದ ಮುಂದೆ ಗುಂಬಳ್ಳಿಯನ್ನು ದಾಟಿದೊಡನೆ ಬಯಲು ಮುಗಿದು, ದಾರಿ ಹಾವಿನಂತೆ ಹೊರಳುತ್ತ ಮೇಲೇರುತ್ತದೆ. ಕೆಳಗೆ ಕುರುಚಲು ಕಾಡು. ನಡುವೆ ಎಲೆ ಉದುರುವ ಮರಗಳ ಕಾಡು. ಎತ್ತರದಲ್ಲಿ ಕಣಿವೆಗಳ ಮಡಿಲಲ್ಲಿ ನಿತ್ಯಹರಿದ್ವರ್ಣದ ಶೋಲೆ, ಅದರ ಮೇಲೆ ಹುಲ್ಲುಗಾವಲು. ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ಸೇತುವೆಯಂತೆ ನಿಂತಿರುವ ಈ ಶ್ರೇಣಿಯ ಅತ್ಯುನ್ನತ ಶಿಖರಗಳು ಸುಮಾರು 1,800 ಮೀಟರ್ ಎತ್ತರವನ್ನು ಮುಟ್ಟುತ್ತವೆ.

ಬೆಟ್ಟಕ್ಕೆ ಹೆಸರನ್ನು ಕೊಟ್ಟದ್ದು ಒಂದು ಬಿಳಿಯ ಬಂಡೆ. ಬಯಲಿನಿಂದ ನೋಡಿದರೆ ಹಸಿರಿನ ನಡುವೆ ಕಡಿದಾಗಿ ಎದ್ದು ನಿಂತ ಬೆಳ್ಳನೆಯ ಕಲ್ಲಿನ ಮುಖ ಕಾಣುತ್ತದೆ. ಇದರಿಂದಲೇ ಬಿಳಿಗಿರಿ, ಸಂಸ್ಕೃತದಲ್ಲಿ ಶ್ವೇತಾದ್ರಿ. ವರ್ಷದ ಬಹುಕಾಲ ಬೆಟ್ಟವನ್ನು ಮುಸುಕುವ ಬಿಳಿಯ ಮಂಜಿನಿಂದ ಈ ಹೆಸರು ಬಂದಿತೆನ್ನುವವರೂ ಉಂಟು. ಈ ಶ್ರೇಣಿಯ ಕಲ್ಲು ಭೂಮಿಯ ಅತಿ ಪ್ರಾಚೀನ ಶಿಲೆಗಳ ಸಾಲಿಗೆ ಸೇರಿದ್ದು. 250 ಕೋಟಿ ವರ್ಷಗಳಷ್ಟು ಹಿಂದೆಯೇ ನೆಲದಾಳದ ಶಾಖದಲ್ಲಿ ಬೆಂದು ರೂಪುಗೊಂಡದ್ದು.

ಆ ಬಂಡೆಯ ಅಂಚಿನಲ್ಲಿಯೇ ಬಿಳಿಗಿರಿ ರಂಗನಾಥಸ್ವಾಮಿಯ ದೇವಾಲಯ. ಶ್ರೀರಂಗಪಟ್ಟಣದ ರಂಗನಾಥನು ಶೇಷಶಾಯಿ. ಇಲ್ಲಿಯ ರಂಗನಾಥನೋ ನಿಂತ ದೇವರು. ವೈಶಾಖದಲ್ಲಿ ರಥೋತ್ಸವ ನಡೆಯುವಾಗ ಬಯಲಿನ ಊರೂರುಗಳಿಂದ ಜನ ಏರಿ ಬರುತ್ತಾರೆ. ದೇವರಿಗೆ ಇಲ್ಲಿ ದೊಡ್ಡ ಪಾದರಕ್ಷೆಗಳ ಸೇವೆಯೂ ಸಲ್ಲುತ್ತದೆ. ಬೂದಿತಿಟ್ಟು ಗ್ರಾಮದ ಚರ್ಮದ ಕೆಲಸದ ಕುಶಲಿಗಳು ಶ್ರದ್ಧೆಯಿಂದ ಹೊಲಿದು ತರುವ ಆ ಪಾದುಕೆಗಳು ಕಾಲಕ್ರಮದಲ್ಲಿ ಸವೆಯುತ್ತವೆ. ರಂಗನಾಥನು ಅವನ್ನು ಮೆಟ್ಟಿ ರಾತ್ರಿಯ ಕಾಡಿನಲ್ಲಿ ಸಂಚರಿಸುತ್ತಾನೆಂದೂ, ಸವೆತಕ್ಕೆ ಅದೇ ಕಾರಣವೆಂದೂ ಭಕ್ತರ ನಂಬಿಕೆ.

ದೇವಾಲಯದ ಬದಿಯಲ್ಲಿ ನಿಂತು ಕೆಳಗೆ ನೋಡಿದರೆ ಕೆರೆಗಳು, ಹೊಲಗಳು, ಹಳ್ಳಿಗಳು ಬಣ್ಣದ ಚಾಪೆಯಂತೆ ಹರಡಿರುತ್ತವೆ. ಯಾತ್ರಿಕರು ಗಾಳಿಗೆ ಮುಖವೊಡ್ಡಿ, ಚಿತ್ರ ತೆಗೆದುಕೊಂಡು, ಪ್ರಸಾದ ಸ್ವೀಕರಿಸಿ ಇಳಿಯುತ್ತಾರೆ. ಅವರು ನೋಡಿದ್ದು ಬಯಲಿನ ಕಡೆಯ ನೋಟ. ಬೆನ್ನ ಹಿಂದೆ ಅಲೆಯಲೆಯಾಗಿ ಹಬ್ಬಿದ ಕಾಡಿನ ಕಡೆಗೆ ತಿರುಗಿದವನಿಗೆ ಇನ್ನೊಂದು ಕಥೆ ತೆರೆಯುತ್ತದೆ.

ಬೆಟ್ಟದ ಅಳಿಯ

ಸೋಲಿಗರು ತಮ್ಮನ್ನು ಬಿದಿರಿನ ಮಕ್ಕಳೆಂದು ಹೇಳಿಕೊಳ್ಳುತ್ತಾರೆ. ಅವರಾಡುವ ನುಡಿ ಕನ್ನಡಕ್ಕೆ ಅತಿ ಸಮೀಪದ ದ್ರಾವಿಡ ನುಡಿ. ಬಿಳಿಗಿರಿಯ ಕಾಡಿನ ಒಳಗೂ ಅಂಚಿನಲ್ಲಿಯೂ ಸುಮಾರು ಅರವತ್ತು ಪೋಡುಗಳಲ್ಲಿ ಅವರ ವಾಸ. ಪೋಡೆಂದರೆ ಅವರ ಊರು. ಇತ್ತ ಮಲೆ ಮಹದೇಶ್ವರನ ಬೆಟ್ಟದಲ್ಲಿಯೂ, ಗಡಿಯಾಚೆ ತಮಿಳುನಾಡಿನ ಸತ್ಯಮಂಗಲದ ಕಾಡುಗಳಲ್ಲಿಯೂ ಅವರ ಬಂಧುಗಳಿದ್ದಾರೆ.

ಬಯಲಿನವರಿಗೆ ರಂಗನಾಥನು ಸ್ವಾಮಿ. ಸೋಲಿಗರಿಗೆ ಅವನು ಭಾವ. ರಂಗನಾಥನು ಕಾಡಿನಲ್ಲಿ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಕಂಡು ಮೆಚ್ಚಿ ಮದುವೆಯಾದನೆಂಬುದು ಅವರ ಪರಂಪರೆಯ ಕಥೆ. ತಮ್ಮ ಮನೆಯ ಹೆಣ್ಣನ್ನು ಕೈಹಿಡಿದ ಮೇಲೆ ದೇವರಾದರೇನು, ಅಳಿಯನು ಅಳಿಯನೇ! ಆದುದರಿಂದ ಅವರು ದೇವರ ಮುಂದೆ ನಿಲ್ಲುವುದು ನಂಟಿನ ಸಲಿಗೆಯಲ್ಲಿ. ರಂಗಭಾವನನ್ನು ಅವರು ಹಾಡಿನಲ್ಲಿ ಕರೆಯುತ್ತಾರೆ, ಕೆಣಕುತ್ತಾರೆ, ಹೊಗಳುತ್ತಾರೆ.

ಈ ಕಥೆಯನ್ನು ಕೇಳಿ ಮುಗುಳ್ನಕ್ಕು ಸುಮ್ಮನಾಗುವುದು ಸುಲಭ. ಆದರೆ ಅದರ ಒಳಗೆ ಒಂದು ಹಕ್ಕಿನ ಮಾತು ಅಡಗಿದೆ. ಅಳಿಯನು ಹೊರಗಿನಿಂದ ಬಂದವನು. ಹೆಣ್ಣಿನ ಮನೆಯವರು ಮೊದಲೇ ಇದ್ದವರು. ಬೆಟ್ಟದ ನೆತ್ತಿಯ ಮೇಲೆ ಗೋಪುರ ಏಳುವ ಮುನ್ನವೇ ಬೆಟ್ಟಕ್ಕೆ ಮನೆಯವರಿದ್ದರೆಂಬುದನ್ನು ಈ ಜನ ಶಾಸನದಲ್ಲಿ ಕೆತ್ತಿಸಲಿಲ್ಲ. ಮದುವೆಯ ಕಥೆಯಾಗಿ ಉಳಿಸಿಕೊಂಡರು.

ಕಾಣದ ಗುಡಿಗಳು

ಯಾತ್ರಿಕನಿಗೆ ಬೆಟ್ಟದಲ್ಲಿ ಕಾಣುವುದು ಒಂದೇ ದೇವಾಲಯ. ಸೋಲಿಗರಿಗೆ ಇಡೀ ಕಾಡೇ ದೇವಾಲಯಗಳ ಸಮೂಹ. ಹಿಂದಿನಿಂದಲೂ ಅವರು ಕಾಡನ್ನು ಎಲ್ಲೆಗಳಾಗಿ ಹಂಚಿಕೊಂಡಿದ್ದಾರೆ. ಒಂದೊಂದು ಎಲ್ಲೆ ಒಂದೊಂದು ಕುಲದ ಹೊಣೆ. ಎಲ್ಲೆಯೊಳಗೆ ಐದು ಬಗೆಯ ಪವಿತ್ರ ತಾಣಗಳು: ದೇವರು, ಮಾರಮ್ಮ, ವೀರು, ಕಲ್ಲುಗುಡಿ ಮತ್ತು ಅಬ್ಬಿ. ವೀರು ಎಂದರೆ ಉಗ್ರಶಕ್ತಿಯ ನೆಲೆ. ಕಲ್ಲುಗುಡಿ ಹಿರಿಯರ ನೆನಪಿನ ಕಲ್ಲು. ಅಬ್ಬಿ ನೀರಿನ ಒರತೆ. ಇವುಗಳಿಗೆ ಗೋಪುರವಿಲ್ಲ, ಪ್ರಾಕಾರವಿಲ್ಲ. ಒಂದು ಮರದ ಬುಡ, ಬಂಡೆಯೊಂದರ ಮಗ್ಗುಲು, ಸಣ್ಣ ನೀರಿನ ಹರಿವು ಇಷ್ಟೇ. ಅರಿಯದವನು ಅದರ ಪಕ್ಕದಲ್ಲಿಯೇ ನಡೆದುಹೋದರೂ ಅವನಿಗೆ ತಿಳಿಯದು.

ಇವುಗಳಲ್ಲಿ ಹೊರಗಿನವರೂ ಬಲ್ಲದ್ದು ದೊಡ್ಡಸಂಪಿಗೆ. ಭಾರ್ಗವಿ ಹೊಳೆಯ ದಡದಲ್ಲಿ, ಕಾಡಿನ ನಡುವೆ, ಬಹು ವಿಶಾಲವಾದ ಬೊಡ್ಡೆಯ ಪುರಾತನ ಸಂಪಿಗೆಯ ಮರವೊಂದಿದೆ. ಅದರ ಬುಡದಲ್ಲಿ ಸಾಲುಸಾಲಾಗಿ ಲಿಂಗಾಕಾರದ ಕಲ್ಲುಗಳು. ಸೋಲಿಗರಿಗೆ ಅದು ಮರವೂ ಹೌದು, ಮಹದೇಶ್ವರನೂ ಹೌದು. ಕಾಡಿನ ಉತ್ಪನ್ನವನ್ನು ಕೊಯ್ಯುವ ಮುನ್ನ ನೆನೆಯಬೇಕಾದ ದೇವರು ಯಾರು, ಯಾವ ತಾಣದಲ್ಲಿ ಮರ ಕಡಿಯಬಾರದು, ಎಲ್ಲಿ ಚಪ್ಪಲಿ ಕಳಚಬೇಕು ಎಂಬುದೆಲ್ಲ ಎಲ್ಲೆಯೊಡನೆ ಬಂದ ಕಟ್ಟಳೆಗಳು.

ಈ ಕಟ್ಟಳೆಗಳು ಬರಿಯ ಭಕ್ತಿಯ ಮಾತಲ್ಲ. ಅವು ಕಾಡಿನ ತಿಳಿವಳಿಕೆಯೂ ಹೌದು. ಹೆಜ್ಜೇನು, ತುಡುವೆ, ಕೋಲುಜೇನು, ನಸರುಜೇನು ಎಂಬ ನಾಲ್ಕು ಜೇನುಗಳ ಸ್ವಭಾವವನ್ನು ಸೋಲಿಗರು ಹೂಗಳ ಕಾಲದೊಡನೆ ಹೊಂದಿಸಿ ಬಲ್ಲರು. ಬೇಸಿಗೆಯ ಆರಂಭದಲ್ಲಿ ಒಣಗಿದ ತರಗೆಲೆಗೆ ಸಣ್ಣಗೆ ಹಚ್ಚುವ ಬೆಂಕಿಗೆ ಅವರು ‘ತರಗು ಬೆಂಕಿ’ ಎನ್ನುತ್ತಾರೆ. ನೆಲದ ಮೇಲಷ್ಟೇ ಹರಿದು ಆರಿಹೋಗುವ ಆ ಬೆಂಕಿ ಕಳೆಯನ್ನು ಅಡಗಿಸಿ ಹುಲ್ಲನ್ನು ಚಿಗುರಿಸುತ್ತಿತ್ತು. ಅದನ್ನು ನಿಷೇಧಿಸಿದ ಮೇಲೆ ಲಂಟಾನ ಗಿಡ ಕಾಡಿನ ಬಹುಭಾಗವನ್ನು ಆವರಿಸಿತೆಂಬುದು ಸೋಲಿಗರ ದೂರು. ಈ ಮಾತನ್ನು ಪರಿಸರ ವಿಜ್ಞಾನಿಗಳೂ ಗಂಭೀರವಾಗಿ ಪರಿಶೀಲಿಸಿದ್ದಾರೆ.

ಮರುಭೂಮಿಯ ಕೆಂಪು ಬಂಡೆ

ಇಂಥ ನಂಟು ಬಿಳಿಗಿರಿಗೆ ಮಾತ್ರ ಸೀಮಿತವಲ್ಲ. ಸಮುದ್ರದಾಚೆ ಆಸ್ಟ್ರೇಲಿಯದ ನಟ್ಟನಡುವಿನ ಮರುಭೂಮಿಯಲ್ಲಿ ಉಲುರು ಎಂಬ ಮಹಾಶಿಲೆಯುಂಟು. ಸುತ್ತಲಿನ ಸಮತಟ್ಟಾದ ನೆಲದಿಂದ 348 ಮೀಟರ್ ಎತ್ತರಕ್ಕೆ ಒಂಟಿಯಾಗಿ ಎದ್ದ ಕೆಂಪು ಮರಳುಗಲ್ಲು ಅದು. ಅದರ ಬುಡವನ್ನು ಸುತ್ತಿ ಬರಲು ಒಂಬತ್ತು ಕಿಲೋಮೀಟರಿಗೂ ಮಿಕ್ಕಿ ನಡೆಯಬೇಕು. ಆ ಕಲ್ಲಿನ ಮಣ್ಣು ಶೇಖರವಾದದ್ದು ಸುಮಾರು 55 ಕೋಟಿ ವರ್ಷಗಳ ಹಿಂದೆ. ವಯಸ್ಸಿನಲ್ಲಿ ಬಿಳಿಗಿರಿಯ ಶಿಲೆಯೇ ಹಿರಿಯದು.

ಅಲ್ಲಿಯ ಮೂಲನಿವಾಸಿಗಳಾದ ಅನಂಗು ಜನಕ್ಕೆ ಉಲುರುವಿನ ಬಿರುಕು, ಗವಿ, ನೀರಿನ ಮಡುಗಳೆಲ್ಲ ಪೂರ್ವಜರ ಕಥೆಯ ಅಕ್ಷರಗಳು. ಕುನಿಯ ಎಂಬ ಹೆಬ್ಬಾವಿನ ಹೆಣ್ಣಿಗೂ ಲಿರು ಎಂಬ ವಿಷಸರ್ಪಕ್ಕೂ ನಡೆದ ಹೋರಾಟದ ಗುರುತುಗಳನ್ನು ಅವರು ಕಲ್ಲಿನ ಮೈಯಲ್ಲಿ ತೋರಿಸಬಲ್ಲರು. ಕೆಲವು ತಾಣಗಳ ಚಿತ್ರವನ್ನು ಇಂದಿಗೂ ತೆಗೆಯಗೊಡುವುದಿಲ್ಲ.

1873ರಲ್ಲಿ ವಿಲಿಯಂ ಗಾಸ್ ಎಂಬ ಬಿಳಿಯ ಅನ್ವೇಷಕನು ಆ ಬಂಡೆಯನ್ನು ಕಂಡು, ದಕ್ಷಿಣ ಆಸ್ಟ್ರೇಲಿಯದ ಅಧಿಕಾರಿ ಹೆನ್ರಿ ಏಯರ್ಸ್ ಅವರ ಹೆಸರಿನಿಂದ ‘ಏಯರ್ಸ್ ರಾಕ್’ ಎಂದು ಕರೆದನು. 1958ರಲ್ಲಿ ಸರಕಾರ ಅದನ್ನು ಮೂಲನಿವಾಸಿಗಳ ಮೀಸಲು ನೆಲದಿಂದ ಬೇರ್ಪಡಿಸಿ ಉದ್ಯಾನವಾಗಿ ಮಾಡಿತು. 1964ರಲ್ಲಿ ಏರುವವರ ಅನುಕೂಲಕ್ಕೆಂದು ಬಂಡೆಗೆ ಸರಪಳಿಯನ್ನು ಬಿಗಿಯಲಾಯಿತು. ಪ್ರವಾಸಿಗಳು ಲಕ್ಷಗಟ್ಟಲೆ ಏರಿದರು. ಮೂವತ್ತಕ್ಕೂ ಹೆಚ್ಚು ಮಂದಿ ಆ ಪ್ರಯತ್ನದಲ್ಲಿ ಪ್ರಾಣ ಕಳೆದುಕೊಂಡರು. ತಮ್ಮ ನೆಲದಲ್ಲಿ ಅತಿಥಿಯೊಬ್ಬ ಸತ್ತರೆ ಆ ದುಃಖದ ಹೊಣೆ ತಮ್ಮ ಮೇಲೆ ಬೀಳುತ್ತದೆಂದು ಅನಂಗು ಹಿರಿಯರು ನೊಂದುಕೊಳ್ಳುತ್ತಿದ್ದರು.

ದೀರ್ಘ ಹೋರಾಟದ ಫಲವಾಗಿ 1985ರ ಅಕ್ಟೋಬರ್ 26ರಂದು ಬಂಡೆಯ ಒಡೆತನ ಅನಂಗು ಜನಕ್ಕೆ ಮರಳಿತು. ಅವರು ಅದನ್ನು 99 ವರ್ಷಗಳ ಗೇಣಿಗೆ ಸರಕಾರಕ್ಕೆ ಕೊಟ್ಟು, ಉದ್ಯಾನದ ಆಡಳಿತ ಮಂಡಳಿಯಲ್ಲಿ ಬಹುಮತವನ್ನು ಪಡೆದರು. ಹಲವು ವರ್ಷಗಳ ಕಾಲ ‘ದಯವಿಟ್ಟು ಏರಬೇಡಿ’ ಎಂದು ಬೇಡಿಕೊಂಡರು. ಕೊನೆಗೆ 2017ರಲ್ಲಿ ಮಂಡಳಿ ಒಮ್ಮತದಿಂದ ತೀರ್ಮಾನಿಸಿ, 2019ರ ಅಕ್ಟೋಬರ್ 26ರಿಂದ ಏರುವುದನ್ನು ನಿಲ್ಲಿಸಿತು. ಇಂದು ಪ್ರವಾಸಿಗಳು ಬುಡವನ್ನು ಸುತ್ತುತ್ತಾರೆ, ಕಥೆ ಕೇಳುತ್ತಾರೆ, ಸಂಜೆ ಬಂಡೆ ಕೆಂಪಾಗುವುದನ್ನು ದೂರದಿಂದ ನೋಡುತ್ತಾರೆ. ಹಿಂದೆ ನೆನಪಿಗೆಂದು ಕಲ್ಲಿನ ಚೂರನ್ನು ಕೊಂಡೊಯ್ದವರು ಕ್ಷಮಾಪಣೆಯ ಪತ್ರದೊಡನೆ ಅದನ್ನು ಅಂಚೆಯಲ್ಲಿ ಮರಳಿಸುವುದೂ ಉಂಟು.

ಗೆರೆಯ ಒಳಗೆ, ಗೆರೆಯ ಹೊರಗೆ

ಈ ಎರಡು ಬಂಡೆಗಳ ಕಥೆಯನ್ನು ಪಕ್ಕಪಕ್ಕಕ್ಕೆ ಇಟ್ಟರೆ ಒಂದು ವಿಚಿತ್ರ ವ್ಯತ್ಯಾಸ ಕಾಣುತ್ತದೆ. ಉಲುರುವಿನಲ್ಲಿ ಮನೆಯವರಿಗೆ ಗೌರವ ಕೊಟ್ಟು ಅತಿಥಿಯನ್ನು ತಡೆದರು. ಬಿಳಿಗಿರಿಯಲ್ಲಿ ಅತಿಥಿಗೆ ರಸ್ತೆಯೂ ಬಸ್ಸೂ ಇದ್ದವು. ತಡೆ ಬಿದ್ದದ್ದು ಮನೆಯವರಿಗೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ, 1974ರಲ್ಲಿ ಬಿಳಿಗಿರಿಯ ಕಾಡು ಅಭಯಾರಣ್ಯವಾಯಿತು. ಆನೆ, ಹುಲಿ, ಕಾಟಿಗಳನ್ನು ಬೇಟೆಗಾರರಿಂದ ಕಾಪಾಡುವ ಉದ್ದೇಶ ಒಳ್ಳೆಯದೇ. ಆದರೆ ಅದರೊಡನೆ ಸೋಲಿಗರ ಬೇಟೆ ನಿಂತಿತು, ಇದ್ದಲ್ಲಿಂದ ಇದ್ದಲ್ಲಿಗೆ ಸರಿಯುತ್ತ ರಾಗಿ, ಅವರೆ, ಸಾಸಿವೆ ಬೆಳೆಯುತ್ತಿದ್ದ ಕುಮರಿ ಬೇಸಾಯ ನಿಂತಿತು; ಕಾಡಿನೊಳಗೆ ಚದುರಿದ್ದ ಕುಟುಂಬಗಳು ಅಂಚಿನ ಪೋಡುಗಳಲ್ಲಿ ನೆಲೆನಿಲ್ಲಬೇಕಾಯಿತು. ಎಲ್ಲೆಯ ದೇವರು ಕಾಡಿನೊಳಗೆ ಉಳಿದ. ಎಲ್ಲೆಯ ಮಕ್ಕಳು ಹೊರಗೆ ಬಂದರು. ತಮ್ಮ ಅಬ್ಬಿಗೆ, ತಮ್ಮ ಕಲ್ಲುಗುಡಿಗೆ ಹೋಗಿ ಪೂಜೆ ಸಲ್ಲಿಸಲು ಅನುಮತಿ ಕೇಳಬೇಕಾದ ಕಾಲ ಬಂದಿತು.

ಜೇನು, ನೆಲ್ಲಿ, ಅಂಟುವಾಳ, ಕಲ್ಲುಹೂ ಮೊದಲಾದ ಕಿರು ಉತ್ಪನ್ನಗಳ ಸಂಗ್ರಹವೇ ಅನಂತರ ಅವರ ಮುಖ್ಯ ಆಧಾರವಾಗಿತ್ತು. ಕಾಯಿದೆಯ ತಿದ್ದುಪಡಿಯ ಹಿನ್ನೆಲೆಯಲ್ಲಿ 2006ರಲ್ಲಿ ಅದಕ್ಕೂ ನಿಷೇಧ ಬಿದ್ದಿತು. ಕಾಡನ್ನು ಅಂಗೈಯಂತೆ ಬಲ್ಲವರು ಕೂಲಿಯನ್ನರಸಿ ಬಯಲಿಗೆ, ಕಾಫಿಯ ತೋಟಗಳಿಗೆ ಇಳಿದರು.

ನಕ್ಷೆಯ ಬಲ

ಆದರೆ ಅದೇ 2006ರಲ್ಲಿ ಸಂಸತ್ತು ಇನ್ನೊಂದು ಕಾಯಿದೆಯನ್ನು ಅಂಗೀಕರಿಸಿತು. ಅರಣ್ಯಹಕ್ಕು ಕಾಯಿದೆಯೆಂದು ಹೆಸರಾದ ಅದು, ತಲೆತಲಾಂತರದಿಂದ ಕಾಡಿನಲ್ಲಿ ಬಾಳಿದ ಬುಡಕಟ್ಟುಗಳಿಗೆ ಹಿಂದೆ ಅನ್ಯಾಯವಾಯಿತೆಂದು ಒಪ್ಪಿಕೊಂಡು, ಗ್ರಾಮಸಭೆಯ ಮೂಲಕ ಹಕ್ಕನ್ನು ಕೇಳುವ ದಾರಿಯನ್ನು ತೆರೆಯಿತು. ಹಕ್ಕು ಕೇಳಬೇಕಾದರೆ ಸಾಕ್ಷ್ಯ ಬೇಕು. ಕಾಗದಪತ್ರವೇ ಇಲ್ಲದ ಜನ ಸಾಕ್ಷ್ಯವನ್ನು ಎಲ್ಲಿಂದ ತರಬೇಕು?

ಸೋಲಿಗರು ತಂದ ಸಾಕ್ಷ್ಯ ಅವರ ದೇವರುಗಳೇ. ಬೆಟ್ಟದಲ್ಲಿ ಬಹುಕಾಲದಿಂದ ಅಧ್ಯಯನ ನಡೆಸುತ್ತಿದ್ದ ಏಟ್ರೀ ಸಂಶೋಧನ ಸಂಸ್ಥೆಯವರೂ ಸೋಲಿಗರ ಹಿರಿಯರೂ ಕೂಡಿ ಕಾಡನ್ನು ನಡೆದರು. ಉಪಗ್ರಹದ ನೆರವಿನಿಂದ ಸ್ಥಾನವನ್ನು ತೋರಿಸುವ ಉಪಕರಣ ಒಬ್ಬರ ಕೈಯಲ್ಲಿ. ಕುಲದ ನೆನಪು ಇನ್ನೊಬ್ಬರ ನಾಲಗೆಯಲ್ಲಿ. ಇದು ಇಂಥ ಕುಲದ ದೇವರು, ಇದು ಮಾರಮ್ಮ, ಇದು ಅಬ್ಬಿ ಎಂದು ಒಂದೊಂದಾಗಿ ಗುರುತಿಸುತ್ತ ಹೋದಾಗ ನಾನೂರಕ್ಕೂ ಮಿಕ್ಕಿದ ತಾಣಗಳು ನಕ್ಷೆಯ ಮೇಲೆ ಮೂಡಿದವು. ಖಾಲಿ ಹಸಿರು ಬಣ್ಣವಾಗಿದ್ದ ಕಾಡು ಆ ನಕ್ಷೆಯಲ್ಲಿ ಹೆಸರುಗಳಿಂದ ತುಂಬಿಹೋಯಿತು. ಈ ಕೆಲಸದಲ್ಲಿ ತೊಡಗಿದವರಲ್ಲಿ ಸೋಲಿಗರವರೇ ಆದ, ಮುಂದೆ ಡಾಕ್ಟರೇಟ್ ಪದವಿ ಪಡೆದ ಸಿ. ಮಾದೇಗೌಡರೂ ಒಬ್ಬರು. ಅಕ್ಷರದ ದಾರಿ ಬೆಟ್ಟದ ಮಕ್ಕಳಿಗೆ ತೆರೆಯುವುದಕ್ಕೆ 1981ರಲ್ಲಿ ಡಾ. ಎಚ್. ಸುದರ್ಶನ್ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ ಮತ್ತು ಆಸ್ಪತ್ರೆಗಳು ನೆರವಾಗಿದ್ದವು.

2011ರ ಜನವರಿಯಲ್ಲಿ ಬಿಳಿಗಿರಿಯನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದಾಗ ಪೋಡುಗಳಲ್ಲಿ ಮತ್ತೆ ಅಂಜಿಕೆ ಹಬ್ಬಿತು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯಹಕ್ಕಿನ ಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲಿಯೇ ಅದು ಮೊದಲು. ಕಿರು ಉತ್ಪನ್ನಗಳನ್ನು ಸಂಗ್ರಹಿಸಿ ಮಾರುವುದು, ಕಾಡನ್ನು ಕಾಪಾಡುವುದು, ಪವಿತ್ರ ತಾಣಗಳಿಗೆ ಹೋಗಿ ಪೂಜಿಸುವುದು ಮತ್ತೆ ಅವರ ಹಕ್ಕಾಯಿತು.

ಇದರಿಂದ ಎಲ್ಲವೂ ಸುಖಾಂತವಾಯಿತೆಂದು ತಿಳಿಯುವಂತಿಲ್ಲ. ಕಾಗದದ ಮೇಲಿನ ಹಕ್ಕು ಕಾಲ್ದಾರಿಯ ಮೇಲಿನ ಹಕ್ಕಾಗಲು ಕಾಲ ಬೇಕು. ಕಾಡಿನ ಆಡಳಿತದಲ್ಲಿ ಗ್ರಾಮಸಭೆಯ ಮಾತು ಎಷ್ಟು, ಇಲಾಖೆಯ ಮಾತು ಎಷ್ಟು ಎಂಬ ತಿಕ್ಕಾಟ ಹಕ್ಕುಪತ್ರದೊಡನೆ ಮುಗಿಯಲಿಲ್ಲ. ಲಂಟಾನ ಹಬ್ಬಿದ ಕಡೆ ಹಳೆಯ ಕಾಲ್ದಾರಿಗಳು ಮುಚ್ಚಿವೆ. ಎಲ್ಲೆಗಳ ಹೆಸರನ್ನು ಬಲ್ಲ ಮುದುಕರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿರುವಾಗ, ಶಾಲೆಗೆ ಹೋಗಿ ನಗರದಲ್ಲಿ ಕೆಲಸ ಹುಡುಕುವ ಮೊಮ್ಮಕ್ಕಳು ಆ ಹೆಸರುಗಳನ್ನು ಕಲಿಯಬೇಕಾಗಿದೆ. ನಕ್ಷೆಯು ತಾಣವನ್ನು ತೋರಿಸಬಲ್ಲದು. ಅಲ್ಲಿ ಹಾಡಬೇಕಾದ ಹಾಡನ್ನು ಕಲಿಸಲಾರದು.

ಅತಿಥಿಯ ಮರ್ಯಾದೆ

ಬಿಳಿಗಿರಿಗೆ ಹೋಗಬೇಡಿರೆಂದು ಸೋಲಿಗರು ಎಂದೂ ಹೇಳಿಲ್ಲ. ಭಾವನನ್ನು ನೋಡಲು ಬಂದವರು ತಮಗೂ ನಂಟರೇ ಎಂಬ ಉದಾರ ಭಾವನೆ ಅವರದು. ಅತಿಥಿಯು ಪಾಲಿಸಬೇಕಾದ ಮರ್ಯಾದೆಯೂ ಕಷ್ಟದ್ದಲ್ಲ. ಕಾಡಿನ ರಸ್ತೆಯಲ್ಲಿ ನಿಲ್ಲದೆ ಸಾಗುವುದು, ಕತ್ತಲಾಗುವ ಮುನ್ನ ಕಾವಲುಗಟ್ಟೆಯನ್ನು ದಾಟುವುದು, ಪ್ಲಾಸ್ಟಿಕ್ ಚೀಲವನ್ನೂ ಸೀಸೆಯನ್ನೂ ಬೆಟ್ಟದಲ್ಲಿ ಬಿಡದಿರುವುದು, ದೊಡ್ಡಸಂಪಿಗೆಯಂಥ ಒಳನಾಡಿನ ತಾಣಗಳಿಗೆ ಅನುಮತಿಯಿಲ್ಲದೆ ನುಗ್ಗದಿರುವುದು ಇಷ್ಟು. ದಾರಿಯ ಬದಿಯ ಮರದ ಬುಡದಲ್ಲಿ ಕಲ್ಲೊಂದು ನಿಂತು, ಅದರ ಮುಂದೆ ಬಾಡಿದ ಹೂವು ಕಂಡರೆ, ಅದನ್ನು ಮುಟ್ಟದೆ ಮುಂದೆ ಸಾಗುವುದು. ಅದು ಯಾರದೋ ಹಿರಿಯರ ನೆನಪಾಗಿರಬಹುದು, ಯಾವುದೋ ಕುಲದ ದೇವರಾಗಿರಬಹುದು.

ಧುಪದಾಳದಂಥ ದೂರದ ಊರಿನಿಂದ ಬಂದ ಯಾತ್ರಿಕನೂ ಇಷ್ಟನ್ನು ಅರಿತು ನೋಡಿದರೆ ಅವನ ಯಾತ್ರೆ ಸಾರ್ಥಕ. ಮರಳಿ ಊರಿಗೆ ಹೋಗಿ ಗೋಕಾವಿಯ ಬಂಡೆಯ ಮೇಲೆ ನಿಂತಾಗ, ಗುಡಿ ಕಟ್ಟುವ ಮುನ್ನ ಇಲ್ಲಿ ಮೊದಲ ಹೂವನ್ನು ಇಟ್ಟವರು ಯಾರಿದ್ದಿರಬಹುದೆಂದು ಅವನು ಯೋಚಿಸಿಯಾನು.

ಸಂಜೆ ಬಿಳಿಗಿರಿಯಿಂದ ಕೊನೆಯ ಬಸ್ಸು ಇಳಿಯುತ್ತದೆ. ಗುಂಬಳ್ಳಿಯ ಹತ್ತಿರ ಬಂದಾಗ ಯಾತ್ರಿಕರು ಹಿಂದಿರುಗಿ ನೋಡಿದರೆ, ಹಸಿರಿನ ನಡುವೆ ಬಿಳಿಯ ಬಂಡೆ ಇನ್ನೂ ಸ್ವಲ್ಪ ಹೊತ್ತು ಹೊಳೆಯುತ್ತಿರುತ್ತದೆ. ಅದರ ಹಿಂದಿನ ಕಾಡಿನಲ್ಲಿ ಪೋಡುಗಳ ಒಲೆಗಳು ಆಗಷ್ಟೇ ಉರಿಯತೊಡಗಿರುತ್ತವೆ.